ಐವತ್ತು ಪುಸ್ತಕದ ಲಿಸ್ಟು ಯಾರಿಗೆ ಬೇಕು ಮಾರಾಯ್ರೆ?

ಕಳೆದ ಸಂಚಿಕೇಲಿ "ಬೇಸಿಗೆ ರಜೇಲಿ ಏನು ಓದ್ತೀರಿ, ಫ್ರೆಂಡ್ಸಿಗೆ ಏನು ಓದಿಸ್ತೀರಿ, ಏನಾದ್ರೂ ಕೇಳೋದಿದ್ರೆ ಕೇಳಿ" ಅಂತ ಕೆಳಗಡೆ ಒಂದು ಸಾಲು ಹಾಕಿದ್ದೆ ಅಷ್ಟೆ. ನಾಲ್ಕೋ ಐದೋ ಪ್ರಶ್ನೆ ಬಂದೀತು ಅಂದ್ಕೊಂಡಿದ್ದೆ, ಬಂದಿದ್ದು ನೋಡಿದ್ರೆ ಇಡೀ ಉತ್ತರ ಕನ್ನಡ ಜಿಲ್ಲೇನೇ ಪುಸ್ತಕ ಹಿಡ್ಕೊಂಡು ಕೂತಿದೆಯೇನೋ ಅನ್ನಿಸ್ತು, ಆಮೇಲೆ ಒಂದೊಂದೇ ಓದ್ತಾ ಹೋದ್ರೆ ಹಿಡ್ಕೊಂಡು ಕೂತಿಲ್ಲ, ಅದೇ ಎಲ್ಲರ ಸಮಸ್ಯೆ ಅಂತ ಗೊತ್ತಾಯ್ತು. ನಾನು ಶಿರಸೀಲಿ ಜಗಲಿ ಮೇಲೆ ಕೂತು ಬರೀತಿದೀನಿ, ಅಂಗಳದಲ್ಲಿ ಹಲಸಿನಕಾಯಿ ಹಪ್ಪಳ ಒಣಗ್ತಿದೆ, ಕಾಗೆ ಓಡಿಸೋ ಡ್ಯೂಟಿ ನಂದು. ಉತ್ತರ ಅಲ್ಲಲ್ಲಿ ತುಂಡಾಗಿದ್ರೆ ಕಾಗೇನ ಬೈಕೊಳ್ಳಿ.

ಪ್ರಶ್ನೆ: ಅಕ್ಕಾ, ನಾವು ಡಿಗ್ರಿ ಓದ್ತಿರೋ ಐದು ಜನ ಫ್ರೆಂಡ್ಸು ರಜೆಗೆ ಅಂತ ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ವಿ. ಎಲ್ಲರೂ ಇಷ್ಟದ ಪುಸ್ತಕದ ಹೆಸರು ಹಾಕೋದು, ಉಳಿದವರು ಓದೋದು ಅಂತ ಪ್ಲಾನು. ಈಗ ಗ್ರೂಪಲ್ಲಿ 63 ಹೆಸರಿದೆ, ಒಬ್ರೂ ಒಂದೂ ಓದಿಲ್ಲ. ನಾವು ಓದೋ ಜಾತಿಯವರೇ ಅಲ್ವಾ?
ಶಿರಸಿಯ ವಿದ್ಯಾರ್ಥಿನಿ

ಉತ್ತರ: ತಂಗೀ, 63 ಹೆಸರು ಅಂದ್ಯಲ್ಲ, ಅದು ಪುಸ್ತಕದ ಲಿಸ್ಟಲ್ಲ, ಮದುವೆ ಮನೆ ಸಾಮಾನಿನ ಚೀಟಿ. ಅದನ್ನ ಓದಿ ಯಾರಿಗಾದ್ರೂ ಹಸಿವಾಗುತ್ತಾ? ಅಂಥ ಲಿಸ್ಟ್ ಹಾಕೋವಾಗ ನಾವು ಸ್ನೇಹಿತರ ಬಗ್ಗೆ ಯೋಚ್ನೆ ಮಾಡ್ತಾನೇ ಇರಲ್ಲ, ನಾನು ಎಷ್ಟೆಲ್ಲ ಓದಿದೀನಿ ನೋಡ್ರೇ ಅಂತ ತೋರಿಸ್ಕೊಳ್ತಿರ್ತೀವಿ. ನಾನೂ ಮಾಡಿದೀನಿ ಬಿಡು, ಅದರಲ್ಲಿ ಅರ್ಧ ನಾನೇ ಓದಿರ್ಲಿಲ್ಲ.

ನಂದೇ ಒಂದು ಕತೆ ಹೇಳ್ತೀನಿ. ನನ್ನ ತವರು ಕುಮಟೆ ಕಡೆ. ಪಿಯುಸಿ ಮುಗಿದ ಬೇಸಿಗೇಲಿ ಶಿರಸಿಯ ಗೆಳತಿ ಒಬ್ಬಳು ನನಗೊಂದು ಪುಸ್ತಕ ಕಳಿಸಿದ್ಲು, ಪೋಸ್ಟಲ್ಲಲ್ಲ, ಬಸ್ಸಲ್ಲಿ. ಆಗೆಲ್ಲ ಕಂಡಕ್ಟರ್ ಕೈಲಿ ಕೊಟ್ರೆ ಔಷಧ, ಅಪ್ಪೆಮಿಡಿ, ಹೊಲಿಸಿದ ಬ್ಲೌಸು ಎಲ್ಲಾ ಊರು ಸೇರ್ತಿತ್ತು, ಅವುಗಳ ಜೊತೆ ಇದೂ ದೇವಿಮನೆ ಘಟ್ಟ ಇಳಿದು ಬಂತು. ಹಳೇ ಪೇಪರಲ್ಲಿ ಸುತ್ತಿ ಬಾಳೆನಾರಲ್ಲಿ ಬಿಗಿದಿದ್ಲು, ಬಿಚ್ಚಿದ್ರೆ ಯಶವಂತ ಚಿತ್ತಾಲರ 'ಶಿಕಾರಿ', ಒಳಗೊಂದು ಚೀಟಿ: "ಮೊದಲ ಐವತ್ತು ಪುಟ ತಲೆ ಕೆಡುತ್ತೆ. ನೀನು ಹಟಮಾರಿ, ದಾಟ್ತೀಯ. ಬರೋ ಮಂಗಳವಾರದ ಬಸ್ಸಿಗೆ ವಾಪಸ್ ಕೊಡು, ನನ್ನ ಅಣ್ಣ ಕೇಳ್ತಿದಾನೆ." ಹಟಮಾರಿ ಅಂತ ಬೈಸ್ಕೊಂಡ್ಮೇಲೆ ಬಿಡೋದುಂಟಾ? ಮುಂಬಯಿಯ ಕಂಪನೀಲಿ ಕೆಲಸ ಮಾಡೋ ನಾಗಪ್ಪನನ್ನ ಸುತ್ತಲಿನವರೆಲ್ಲ ಸೇರಿ ಬೇಟೆಯಾಡೋ ಕತೆ ಅದು, 1979ರಲ್ಲಿ ಬಂದಿದ್ದು, ಹದಿನೇಳು ವರ್ಷದ ನನಗೆ ಅರ್ಧಕ್ಕರ್ಧ ಅರ್ಥ ಆಗಿರ್ಲಿಲ್ಲ ನಿಜ, ಆದ್ರೆ ಬರೆದವರು ಗೋಕರ್ಣದ ಹತ್ರದ ಹನೇಹಳ್ಳಿಯವರು ಅಂತ ಅಪ್ಪ ಹೇಳಿದ್ಮೇಲೆ, ಅಯ್ಯೋ ನಾವು ದಿನಾ ಬಸ್ಸಲ್ಲಿ ನೋಡೋ ಬೋರ್ಡಿನ ಊರಿಂದ ಹೋದೋರೊಬ್ರು ಇಷ್ಟೆಲ್ಲ ಬರೆದಿದಾರಾ ಅಂತ ಮೈ ಜುಂ ಅಂದಿತ್ತು. ಮಂಗಳವಾರ ಬಸ್ ಸ್ಟ್ಯಾಂಡಲ್ಲಿ ನಿಂತೇ ಕೊನೇ ಹತ್ತು ಪುಟ ಓದಿದ್ದು. ಕಂಡಕ್ಟರು "ಆಯ್ತನೇ ಮಗಾ?" ಅಂತ ಎರಡು ಸಲ ಕೇಳಿದ್ರು.

ಅವಳು ಕಳಿಸಿದ್ದು ಒಂದೇ ಪುಸ್ತಕ, ನನಗೆ ಅಂತಲೇ ಕಳಿಸಿದ್ದು, ಜೊತೆಗೆ ಹಿಂದೆ ಒಬ್ಬ ಕಾಯ್ತಾ ಇದ್ದ. ನಿಮ್ಮ ಗ್ರೂಪಲ್ಲಿ ಇದ್ಯಾವುದೂ ಇಲ್ಲ. ಹಾಗಾಗಿ ಲಿಸ್ಟ್ ಡಿಲೀಟ್ ಮಾಡಿ. ಐದೂ ಜನ ಮನೇಲಿರೋದೋ, ಲೈಬ್ರರೀದೋ, ಕೊಂಡಿದ್ದೋ, ಒಂದೊಂದು ನಿಜವಾದ ಪುಸ್ತಕ ತರ್ಲಿ, ಹತ್ತು ದಿನಕ್ಕೊಂದ್ಸಲ ಎಲ್ಲಾದ್ರೂ ಸೇರಿ ಕೈ ಬದಲಾಯಿಸ್ಕೊಳ್ಳಿ. ಕೊಡೋವಾಗ ಒಂದು ಚೀಟಿ ಇಡಿ, ಪುಸ್ತಕ ಎಷ್ಟು ಶ್ರೇಷ್ಠ ಅಂತಲ್ಲ, "ನೀನ್ಯಾಕೆ ಓದ್ಬೇಕು" ಅಂತ. ನಲವತ್ತು ಪುಟ ಓದಿ ಹಿಡಿಸ್ಲಿಲ್ಲ ಅಂದ್ರೆ ಬಿಡೋ ಹಕ್ಕಿದೆ, ಆದ್ರೆ ಯಾಕೆ ಬಿಟ್ಟೆ ಅಂತ ಹೇಳ್ಬೇಕು. ನಮ್ಮಲ್ಲಂತೂ ಬಿಟ್ಟ ಪುಸ್ತಕದ ಮೇಲೇ ಜೋರು ಮಾತು ನಡೆಯೋದು.

ಶುರು ಮಾಡೋಕೆ ತೆಳ್ಳಗಿರೋದು ಹುಡುಕಿ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಇದೆ, 2013ರದ್ದು, ಅವರು ಅಂಕೋಲೆಯವರು. ಒಂದು ಸಂಜೆ, ಮರುದಿನ ಅರ್ಧ ಬೆಳಗ್ಗೆ ಕೂತ್ರೆ ಮುಗೀತು. ಬಡತನದಲ್ಲಿ ಗಟ್ಟಿಯಾಗಿದ್ದ ಮನೆ ದುಡ್ಡು ಬಂದ್ಮೇಲೆ ಹೇಗೆ ಸಿಕ್ಕುಸಿಕ್ಕಾಗುತ್ತೆ ಅನ್ನೋ ಕತೆ. ಅದರಲ್ಲಿ ಇರುವೆ ಕೊಲ್ಲೋ ಭಾಗ ಇದೆ, ಓದಿ ಮುಗಿಸಿ ಅಡುಗೆಮನೇಲಿ ಸಕ್ಕರೆ ಡಬ್ಬದ ಹತ್ರ ಇರುವೆ ಸಾಲು ನೋಡಿದಾಗ ನಿಂಗೇ ಗೊತ್ತಾಗುತ್ತೆ. ಇನ್ನೊಂದು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ', ಚಿಕ್ಕಂದಿನಲ್ಲೇ ವಿಧವೆಯಾದ ಹೆಂಗಸಿನ ಕತೆ, ಇದನ್ನ ನಿಮ್ಮನೇಲಿ ಅಜ್ಜಿ ಇದ್ರೆ ಅವರ ಕಣ್ಣಿಗೆ ಬೀಳೋ ಹಾಗೆ ಓದು, ಪುಸ್ತಕದಲ್ಲಿ ಇಲ್ಲದ ಎರಡು ಅಧ್ಯಾಯ ಅವರ ಬಾಯಿಂದ ಬರುತ್ತೆ. ಮತ್ತೆ ಗಿರೀಶ ಕಾರ್ನಾಡರ ಆತ್ಮಕತೆ 'ಆಡಾಡತ ಆಯುಷ್ಯ', ಪೂರ್ತಿ ಬೇಡ, ಬಾಲ್ಯದ ಶಿರಸಿ ಬರೋ ಭಾಗ ಸಾಕು, ನೀವು ಐಸ್‌ಕ್ರೀಮ್ ತಿನ್ನೋಕೆ ಸುತ್ತೋ ಊರೇ ಅದು.

ಪ್ರಶ್ನೆ: ಮೇಡಂ, ಮಗನಿಗೆ 11 ವರ್ಷ, ಮೊಬೈಲ್ ಬಿಟ್ಟು ಕಣ್ಣೆತ್ತಲ್ಲ. ಮೇ ತಿಂಗಳು ಪೂರ್ತಿ ಸಿದ್ದಾಪುರದ ಹತ್ರ ಅಜ್ಜನ ಮನೇಲಿರ್ತಾನೆ. ತೋಟದ ಮನೆ, ನೆಟ್‌ವರ್ಕ್ ಅಷ್ಟಕ್ಕಷ್ಟೆ. ಜೊತೆಗೆ ಅವನ ಓರಗೆಯ ಇಬ್ರು ಹುಡುಗ್ರಿದಾರೆ. ಚೀಲದಲ್ಲಿ ಯಾವ ಪುಸ್ತಕ ಹಾಕಿ ಕಳಿಸ್ಲಿ?
ಅಂಕೋಲೆಯಿಂದ ಒಬ್ಬ ತಾಯಿ

ಉತ್ತರ: ನೆಟ್‌ವರ್ಕ್ ಅಷ್ಟಕ್ಕಷ್ಟೆ ಅಂದ್ರಲ್ಲ, ಅರ್ಧ ಕೆಲಸ ಬಿಎಸ್‌ಎನ್‌ಎಲ್ ಮಾಡಿಕೊಟ್ಟಿದೆ, ಇನ್ನರ್ಧ ನೀವು ಮಾಡಿ.

ಅಡಿಕೆ ತೋಟ ಇರೋ ಮನೆಗೆ ಹೋಗೋ ಹುಡುಗನಿಗೆ ತೇಜಸ್ವಿ ಬಿಟ್ಟು ಬೇರೆ ಯಾರನ್ನ ಕೊಡ್ಲಿ ಹೇಳಿ. ಮೊದ್ಲು 'ಪರಿಸರದ ಕತೆ'. ಅದರಲ್ಲಿ ಕಿವಿ ಅನ್ನೋ ನಾಯಿ ಇದೆ, ಮಾರ ಪ್ಯಾರ ಇದಾರೆ, ಒಂದೊಂದೂ ಬಿಡಿ ಬಿಡಿ ಕತೆ, ಎಲ್ಲಿಂದ ಬೇಕಾದ್ರೂ ಓದ್ಬಹುದು. ಅದು ಹಿಡಿಸ್ತು ಅಂದ್ರೆ ಮಾತ್ರ 'ಕರ್ವಾಲೊ'. 1980ರ ಪುಸ್ತಕ, ಹಾರುವ ಓತಿ ಹುಡುಕ್ಕೊಂಡು ಕಾಡಿಗೆ ಹೋಗೋ ಕತೆ, ಹನ್ನೊಂದಕ್ಕೆ ಕೆಲವು ಕಡೆ ಭಾರ ಆಗ್ಬಹುದು, ದೊಡ್ಡವರು ಯಾರಾದ್ರೂ ಜೊತೆಗೆ ಕೂತ್ರೆ ನಡೆಯುತ್ತೆ. ಮಜಾ ಏನಂದ್ರೆ ಆ ಹಾರುವ ಓತಿ ಪುಸ್ತಕದಲ್ಲಿ ಮಾತ್ರ ಇರೋದಲ್ಲ, ನಮ್ಮ ಕಡೆ ಅಡಿಕೆ ತೋಟದಲ್ಲಿ ಇದೆ. ಬಿಸಿಲೇರಿದ ಹೊತ್ತಲ್ಲಿ ಅಡಿಕೆ ಮರದ ಕಾಂಡ ನೋಡ್ತಾ ಸುಮ್ನೆ ನಿಲ್ಬೇಕು. ತೊಗಟೆ ಬಣ್ಣವೇ ಅದರ ಬಣ್ಣ, ಹತ್ತು ನಿಮಿಷ ಏನೂ ಕಾಣಲ್ಲ, ಆಮೇಲೆ ಗಂಡು ಓತಿ ಕತ್ತಿನ ಕೆಳಗಿನ ಹಳದಿ ಚರ್ಮ ಪಟಕ್ಕನೆ ಚಾಚಿ ಒಳಗೆಳ್ಕೊಳುತ್ತೆ, ಅಷ್ಟು ಹೊತ್ತು ನೀವು ಅದನ್ನೇ ನೋಡ್ತಾ ನಿಂತಿದ್ರಿ ಅಂತ ಆಗ ಗೊತ್ತಾಗುತ್ತೆ. ಇನ್ನೂ ಸ್ವಲ್ಪ ತಡೆದ್ರೆ ಪಕ್ಕೆಯ ರೆಕ್ಕೆ ಬಿಚ್ಚಿ ಪಕ್ಕದ ಮರಕ್ಕೆ ತೇಲಿಬಿಡುತ್ತೆ, ಒಂದು ಚೂರೂ ಸದ್ದಿಲ್ಲ. ಪುಸ್ತಕದ ಓತಿಯನ್ನ ಮರದ ಮೇಲೆ ನೋಡಿದ ಹುಡುಗನಿಗೆ ಆಮೇಲೆ ಓದು ಅಂತ ಹೇಳೋದು ಬೇಕಾಗಲ್ಲ.

ಈಗ ಒಂದು ಕುತಂತ್ರ ಹೇಳ್ತೀನಿ. ಪುಸ್ತಕ ನಿಮ್ಮ ಮಗನಿಗೆ ಕೊಡ್ಬೇಡಿ. ಆ ಓರಗೆ ಹುಡುಗ್ರಲ್ಲಿ ಒಬ್ಬನಿಗೆ ಕೊಡಿ. ಅಮ್ಮ ಹೇಳಿದ ಪುಸ್ತಕ ಅಂದ್ರೆ ಕಷಾಯ, ದೋಸ್ತ ಹೇಳಿದ್ದು ಅಂದ್ರೆ ಕದ್ದ ಮಾವಿನಕಾಯಿ. ಮೂರೇ ದಿನದಲ್ಲಿ "ಅವನು ಮೊದ್ಲು ಓದ್ತಾ ಇದಾನೆ, ನಂಗೆ ಕೊಡ್ತಾ ಇಲ್ಲ" ಅಂತ ಫೋನ್ ಬರ್ಲಿಲ್ಲ ಅಂದ್ರೆ ನನಗೆ ಪತ್ರ ಹಾಕಿ.

ಜಪಾನಿನ 'ತೊತ್ತೋ ಚಾನ್' ಕೂಡ ಕನ್ನಡದಲ್ಲಿದೆ, ರೈಲು ಡಬ್ಬಿಯಲ್ಲಿ ನಡೆಯೋ ಶಾಲೆಯ ಕತೆ, ಅದು ಮಕ್ಕಳಿಗಿಂತ ನಿಮಗೇ ಜಾಸ್ತಿ ಹಿಡಿಸುತ್ತೆ. ದುಡ್ಡು ಖರ್ಚು ಬೇಡ ಅಂದ್ರೆ ಅಜ್ಜನ ಊರಿನ ಗ್ರಾಮ ಪಂಚಾಯಿತಿ ಲೈಬ್ರರಿ ಹೊಕ್ಕು ನೋಡ್ಲಿ, ಈಗ ಬೋರ್ಡಲ್ಲಿ 'ಅರಿವು ಕೇಂದ್ರ' ಅಂತಿರುತ್ತೆ. 2020ರಲ್ಲಿ ಕೋವಿಡ್ಡಿಗೆ ಶಾಲೆ ಮುಚ್ಚಿದ್ದಾಗ 'ಓದುವ ಬೆಳಕು' ಅಂತ ಶುರು ಮಾಡಿ ಮಕ್ಕಳಿಗೆ ಮೆಂಬರ್‌ಶಿಪ್ ಫ್ರೀ ಮಾಡಿದ್ರು. ಮತ್ತೆ ದಯವಿಟ್ಟು ಒಂದು ಕೆಲಸ ಮಾತ್ರ ಮಾಡ್ಬೇಡಿ, ಓದಿದ್ಮೇಲೆ "ಇದರಿಂದ ಏನು ಕಲಿತೆ, ಒಂದು ಪುಟ ಬರಿ" ಅನ್ಬೇಡಿ. ರಜೇಲಿ ಹೋಮ್‌ವರ್ಕ್ ವಾಸನೆ ಬಂದ್ರೆ ಮುಗೀತು ಕತೆ.

ಪ್ರಶ್ನೆ: ಕಾರವಾರ–ಮಂಗಳೂರು ರೈಲಲ್ಲಿ ಹಗಲು ಹೊತ್ತು ಹೋಗ್ತಿದೀವಿ, ಮೂರು ಜನ ಗೆಳೆಯರು. ಪ್ರಯಾಣದಲ್ಲಿ ಓದೋಕೆ ಏನು ತಗೊಂಡು ಹೋಗೋಣ?
ಕಾರವಾರ

ಉತ್ತರ: ಕಿಟಕಿ ಸೀಟು ತಗೊಳ್ಳಿ. ಸುರಂಗ ಬಂದಾಗೆಲ್ಲ ಕತ್ತಲಾಗುತ್ತೆ, ಹೊನ್ನಾವರದಲ್ಲಿ ಶರಾವತಿ ಸೇತುವೆ ಎರಡು ಕಿಲೋಮೀಟರ್ ಮೇಲಿದೆ, ಕೊಂಕಣ ರೈಲ್ವೇಲೇ ಎಲ್ಲಕ್ಕಿಂತ ಉದ್ದದ್ದು, ಅಲ್ಲಿ ಪುಸ್ತಕಕ್ಕೆ ತಲೆ ಹಾಕ್ಕೊಂಡು ಕೂತವನಿಗೆ ನಾನು ಪುಸ್ತಕ ಸಜೆಸ್ಟ್ ಮಾಡಲ್ಲ. ತೀರಾ ಬೇಕಂದ್ರೆ ಸಣ್ಣ ಕತೆಗಳು, ಸ್ಟೇಶನ್ನಿಗೊಂದು.

ಪ್ರಶ್ನೆ: ಕಾರವಾರದಲ್ಲಿ ನನ್ನ ಜೊತೆ ಕೆಲಸ ಮಾಡೋ ಗೆಳೆಯನ ಮನೆಮಾತು ಕೊಂಕಣಿ, ಓದಿದ್ದು ಮರಾಠಿ ಶಾಲೇಲಿ. ಕನ್ನಡ ಚೆನ್ನಾಗೇ ಮಾತಾಡ್ತಾನೆ, ಬೋರ್ಡು, ಪೇಪರ್ ಹೆಡ್ಡಿಂಗು ಓದ್ತಾನೆ, ಅದಕ್ಕಿಂತ ಜಾಸ್ತಿ ಓದೋಕೆ ತಡವರಿಸ್ತಾನೆ. ಅವನೇ "ಒಂದು ಕನ್ನಡ ಪುಸ್ತಕ ಕೊಡು ಮಾರಾಯ, ಈ ಬೇಸಿಗೇಲಿ ಕಲ್ತೇ ಬಿಡ್ತೀನಿ" ಅಂದ. ಯಾವುದು ಕೊಡ್ಲಿ?
ಕಾರವಾರದ ಸರಕಾರಿ ನೌಕರ

ಉತ್ತರ: ಈ ಸಲದ ಪ್ರಶ್ನೆಗಳಲ್ಲಿ ನನಗೆ ಬಹಳ ಖುಷಿ ಕೊಟ್ಟಿದ್ದು ಇದು. ಕೇಳಿದ್ದು ಅವನಾಗೇ ಅಲ್ವಾ, ಅದಕ್ಕೆ.

ಬಹಳ ಜನ ಇಂಥವರ ಕೈಗೆ ಮಕ್ಕಳ ಪುಸ್ತಕ ಇಡ್ತಾರೆ, ಅ ಅರಸ ಆ ಆನೆ ಅಂತ. ನಲವತ್ತು ದಾಟಿದ ಗಂಡಸಿಗೆ ಅವಮಾನ ಅದು. ತಡವರಿಸೋದು ನಾಲಿಗೆಯಲ್ಲ, ಕಣ್ಣು. ಸಾಲು ಸಣ್ಣದಿರ್ಬೇಕು, ವಿಷಯ ದೊಡ್ಡವರದ್ದಿರ್ಬೇಕು. ಅದಕ್ಕೆ ನಮ್ಮ ಜಿಲ್ಲೇಲೇ ಮದ್ದಿದೆ: ದಿನಕರ ದೇಸಾಯಿಯವರ ಚುಟುಕ. ನಾಲ್ಕು ಸಾಲು, ಪ್ರಾಸ ಇದೆ, ಮೂರನೇ ಸಾಲಿಗೆ ಬರೋವಾಗ್ಲೇ ನಾಲ್ಕನೇದು ಏನಿರ್ಬಹುದು ಅಂತ ಕಿವಿ ಊಹಿಸುತ್ತೆ, ಕಣ್ಣಿನ ಕೆಲಸ ಅರ್ಧ ಆಯ್ತು. ಅಂಕೋಲೆ ಅಲಗೇರಿಯ ಆ ಮನುಷ್ಯ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಈ ಕಡೆಗೆಲ್ಲ ಶಾಲೆ ಕಾಲೇಜು ತಂದವರು, 1967ರಲ್ಲಿ ಎಂಪಿ ಆದವರು, ರಾಜಕಾರಣಿಗಳನ್ನ ಚುಟುಕದಲ್ಲಿ ಚುಚ್ಚಿದವರೂ ಅವರೇ. ಆಫೀಸಲ್ಲಿ ಮಧ್ಯಾಹ್ನ ಊಟದ ಡಬ್ಬಿ ತೆಗೆಯೋ ಮೊದ್ಲು ಅವನು ಒಂದು ಚುಟುಕ ಜೋರಾಗಿ ಓದ್ಲಿ. ತಪ್ಪಿದ್ರೆ ತಿದ್ದೋಕೆ ಹೋಗ್ಬೇಡಿ, ಪ್ರಾಸ ತಪ್ಪಿದಾಗ ಅವನಿಗೇ ಗೊತ್ತಾಗುತ್ತೆ.

ಒಂದು ತಿಂಗಳಾದ್ಮೇಲೆ ಜಯಂತ ಕಾಯ್ಕಿಣಿಯವರ ಕತೆ ಒಂದು. 'ಮುಂಗಾರು ಮಳೆ' ಸಿನಿಮಾಕ್ಕೆ ಹಾಡು ಬರೆದವರು ಅಂದ್ರೆ ಅವನಿಗೆ ತಕ್ಷಣ ಗೊತ್ತಾಗುತ್ತೆ. ಗೋಕರ್ಣದಲ್ಲಿ ಹುಟ್ಟಿದವರು, ಮುಂಬಯಿಯಲ್ಲಿ ಎಷ್ಟೋ ವರ್ಷ ಕೆಲಸ ಮಾಡಿದವರು, ಕತೆಗಳೂ ಆ ಊರಿನ ಚಾಳು, ಲೋಕಲ್ ರೈಲು, ಥಿಯೇಟರಿನವು. ಕಾರವಾರದವರಿಗೆ ಮುಂಬಯಿ ಅಂದ್ರೆ ಬೆಂಗಳೂರಿಗಿಂತ ಹತ್ರ, ಪ್ರತಿ ಮನೇಲೂ ಒಬ್ಬ ಕಾಕಾ ಅಲ್ಲಿ ಇದ್ದೇ ಇರ್ತಾನೆ, ಊರು ಗೊತ್ತಿದ್ದಾಗ ಭಾಷೆ ತಡೆಯಲ್ಲ. ಆ ಮುಂಬಯಿ ಕತೆಗಳೇ ಇಂಗ್ಲಿಷಿಗೆ ಹೋಗಿ ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡೋ 2018ರ ಸಾಲಿನ ಡಿಎಸ್‌ಸಿ ಪ್ರಶಸ್ತಿ ಪಡೆದಿದ್ದು, ಅನುವಾದ ತೇಜಸ್ವಿನಿ ನಿರಂಜನ ಅವರದ್ದು.

ಇದು ಒನ್‌ವೇ ಆಗ್ಬಾರ್ದು. ನೀವೂ ಅವನ ಹತ್ರ ಒಂದು ಮರಾಠಿನೋ ಕೊಂಕಣಿನೋ ಪುಸ್ತಕ ಕೇಳಿ, ನಾಗರಿ ಅಕ್ಷರ ಹಿಂದಿ ಕಲ್ತ ಎಲ್ಲರಿಗೂ ಬರುತ್ತೆ. ಅವನು ಚುಟುಕದಲ್ಲಿ ತಡವರಿಸೋವಾಗ ನೀವು ಅಲ್ಲಿ ತಡವರಿಸ್ತಾ ಇದ್ರೆ ಇಬ್ರಿಗೂ ಸಮಾಧಾನ. ಮತ್ತೆ ಒಂದು ಸಂಜೆ ಕಾಳಿ ನದಿ ದಡದ ಸದಾಶಿವಗಡದ ಕಡೆ ಹೋಗಿ ಬನ್ನಿ. ರವೀಂದ್ರನಾಥ ಠಾಕೂರರು ಇಪ್ಪತ್ತೆರಡರ ಹರೆಯದಲ್ಲಿ ಕಾರವಾರಕ್ಕೆ ಬಂದಿದ್ರಲ್ಲ, ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದಾಗ. ಕಾಳಿ ನದೀಲಿ ದೋಣಿ ಹತ್ತಿ ಹೋಗಿದ್ದು, ಬೆಳದಿಂಗಳಲ್ಲಿ ಮರಳಿದ್ದು ಎಲ್ಲ ತಮ್ಮ ನೆನಪಿನ ಪುಸ್ತಕದಲ್ಲಿ ಬರೆದಿದಾರೆ, 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದಿದ್ದೂ ಇಲ್ಲೇ. ಕನ್ನಡ ಬರದ, ಕೊಂಕಣಿ ಬರದ ಬಂಗಾಲಿ ಹುಡುಗನಿಗೆ ಈ ಊರು ಅಷ್ಟು ಬರೆಸಿದೆ, ನಿಮ್ಮ ಗೆಳೆಯನಿಗೆ ಎರಡು ಪುಟ ಓದಿಸಲ್ವಾ?

ಪ್ರಶ್ನೆ: ನನ್ನ ಪುಸ್ತಕ ತಗೊಂಡು ಹೋದ ಫ್ರೆಂಡು ಎರಡು ವರ್ಷ ಆದ್ರೂ ಕೊಟ್ಟಿಲ್ಲ. ಕೇಳಿದ್ರೆ ಸಂಬಂಧ ಕೆಡುತ್ತೆ, ಕೇಳ್ದೇ ಇದ್ರೆ ಹೊಟ್ಟೆ ಉರಿಯುತ್ತೆ.
ಕುಮಟೆ

ಉತ್ತರ: ಹೊಟ್ಟೆ ಉರಿ ಆರೋಗ್ಯಕ್ಕೆ ಒಳ್ಳೇದಲ್ಲ, ಕೇಳಿ. "ನನ್ನ ಪುಸ್ತಕ ಎಲ್ಲಿ" ಅಂತ ಕೇಳ್ಬೇಡಿ, "ಅದನ್ನ ಇನ್ನೊಬ್ರು ಓದೋಕೆ ಕೇಳ್ತಿದಾರೆ, ಶನಿವಾರ ನಾನೇ ಬಂದು ತಗೊಂಡು ಹೋಗ್ತೀನಿ, ಚಾ ಮಾಡಿಡು" ಅನ್ನಿ. ಚಾ ಇದ್ದಲ್ಲಿ ಸಂಬಂಧ ಕೆಡಲ್ಲ.

ನಂದೂ ಒಂದಿದೆ ಹೇಳ್ಬಿಡ್ತೀನಿ. ನನ್ನಿಂದ ಓದೋಕೆ ಅಂತ ತಗೊಂಡು ಹೋದ ದಪ್ಪ ಕಾದಂಬರಿ ಒಬ್ರು ನೆಂಟರ ಮನೆ ಶೋಕೇಸಲ್ಲಿ, ಗಾಜಿನ ಹಿಂದೆ, ಗಣಪತಿ ಮೂರ್ತಿ ಪಕ್ಕ ಕೂತಿತ್ತು, ಒಳಗಿನ ಮೊದಲ ಪುಟ ನೀಟಾಗಿ ಕತ್ತರಿಸಿತ್ತು, ಅದರಲ್ಲೇ ನನ್ನ ಹೆಸರಿದ್ದಿದ್ದು. ನಾನು ಪಾನಕ ಕುಡಿದು ಎದ್ದು ಬಂದೆ. ಆಮೇಲಿಂದ ಲೈಬ್ರರಿಯವರ ಉಪಾಯ ಮಾಡ್ತೀನಿ: ಅವರು ಮೊದಲ ಪುಟದ ಸೀಲಿನ ಜೊತೆ ಒಳಗೆಲ್ಲೋ ಒಂದು ಗೊತ್ತುಮಾಡಿದ ಪುಟದಲ್ಲೂ ಸೀಲ್ ಒತ್ತಿರ್ತಾರೆ, ಎಲ್ಲಾ ಪುಸ್ತಕಕ್ಕೂ ಒಂದೇ ನಂಬರಿನ ಪುಟ. ನಂದು ಯಾವ ಪುಟ ಅಂತ ಇಲ್ಲಿ ಬರೆಯಲ್ಲ, ಆ ನೆಂಟರೂ ಈ ಪತ್ರಿಕೆ ತರಿಸ್ತಾರೆ.

ಪ್ರಶ್ನೆ: ವಾಟ್ಸಾಪಲ್ಲಿ ಕನ್ನಡ ಪುಸ್ತಕಗಳ ಪಿಡಿಎಫ್ ಬರ್ತಾ ಇರುತ್ತೆ, ನಾನೂ ಫ್ರೆಂಡ್ಸಿಗೆ ಫಾರ್ವರ್ಡ್ ಮಾಡ್ತೀನಿ. ಓದ್ಲಿ ಅನ್ನೋ ಒಳ್ಳೇ ಉದ್ದೇಶ ತಾನೇ? ಒಬ್ರು ಗ್ರೂಪಲ್ಲೇ ಬೈದ್ರು.
ಹೊನ್ನಾವರ

ಉತ್ತರ: ಬೈದವರ ಪರ ನಾನು, ಆದ್ರೆ ಬೈಯೋದಿಲ್ಲ.

ನಮ್ಮ ಕಾಪಿರೈಟ್ ಕಾನೂನಲ್ಲಿ ಲೇಖಕರು ತೀರ್ಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಅವರ ಮನೆಯವರದ್ದು. ಅದು ಮುಗಿದದ್ದನ್ನ ಧಾರಾಳವಾಗಿ ಹಂಚಿ, ಯಾರೂ ಕೇಳಲ್ಲ. ಮುದ್ದಣ ಇದಾನೆ, 1899ರಲ್ಲಿ ಬಂದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಇದೆ, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಶಾಲೇಲಿ ಉರು ಹೊಡೆದು ಯಾರೂ ಓದದೇ ಬಿಟ್ಟದ್ದು. ಪಂಜೆ ಮಂಗೇಶರಾಯರು ಇದಾರೆ. ತ್ರಿವೇಣಿಯವರು ತೀರಿಕೊಂಡಿದ್ದು 1963ರಲ್ಲಿ, ಬರೀ ಮೂವತ್ತೈದರ ಆಸುಪಾಸಲ್ಲಿ, ಹಾಗಾಗಿ ಅವರದ್ದೂ 2024ರಿಂದ ಮುಕ್ತ. ಇಷ್ಟು ಓದಿ ಮುಗಿಸೋಕೆ ಎಷ್ಟು ಬೇಸಿಗೆ ಬೇಕು ಲೆಕ್ಕ ಹಾಕಿ.

ಬದುಕಿರೋ ಲೇಖಕರ ವಿಷಯ ಬೇರೆ. ಕನ್ನಡದಲ್ಲಿ ಒಂದು ಪುಸ್ತಕ ಸಾಮಾನ್ಯವಾಗಿ ಅಚ್ಚಾಗೋದೇ ಸಾವಿರ ಪ್ರತಿ, ಅದೂ ಎಷ್ಟೋ ವರ್ಷ ಗೋಡೌನಲ್ಲಿ ಕೂತಿರುತ್ತೆ. ನಿಮ್ಮ ಒಂದು ಫಾರ್ವರ್ಡ್ ನಾಲ್ಕು ದೊಡ್ಡ ಗ್ರೂಪಿಗೆ ಹೋದ್ರೆ ಒಂದಿಡೀ ಮುದ್ರಣದಷ್ಟು ಜನರ ಮೊಬೈಲಿಗೆ ಹೋಯ್ತು. ಅದರಲ್ಲಿ ಎಷ್ಟು ಜನ ಓದ್ತಾರೆ? ನಿಮ್ಮ ಮೊಬೈಲಲ್ಲೇ ಡೌನ್‌ಲೋಡ್ ಫೋಲ್ಡರ್ ತೆಗೆದು ನೋಡಿ, ಎಷ್ಟು ಪಿಡಿಎಫ್ ಇದೆ, ಎಷ್ಟು ತೆಗೆದಿದೀರಿ. ನನ್ನಲ್ಲಿ 41 ಇತ್ತು, ತೆಗೆದಿದ್ದು 2. ಬಿಟ್ಟಿ ಬಂದದ್ದನ್ನ ನಾಳೆ ಓದಿದ್ರಾಯ್ತು ಅಂತ ಇಡ್ತೀವಿ, ನೂರೈವತ್ತು ಕೊಟ್ಟು ತಂದದ್ದು ಟೇಬಲ್ ಮೇಲೆ ಕೂತು ನಮ್ಮನ್ನೇ ನೋಡ್ತಿರುತ್ತೆ.

ಹಂಚೋ ಆಸೆ ಇದ್ರೆ ನಿಮಗೆ ಹಿಡಿಸಿದ ಒಂದು ಪ್ಯಾರಾ ನೀವೇ ಜೋರಾಗಿ ಓದಿ ವಾಯ್ಸ್ ಮೆಸೇಜ್ ಹಾಕಿ, ಪುಸ್ತಕದ ಹೆಸರು, ಪ್ರಕಾಶಕರು ಯಾರು ಅಂತ ಹೇಳಿ. ಇ-ಪುಸ್ತಕವೇ ಬೇಕು ಅನ್ನೋರಿಗೆ ಮೈಲ್ಯಾಂಗ್ ಥರದ ಕನ್ನಡದ ಆ್ಯಪ್‌ಗಳಿವೆ, ಅಲ್ಲಿ ದುಡ್ಡು ಬರೆದವರಿಗೂ ಹೋಗುತ್ತೆ.

ಪ್ರಶ್ನೆ: ನಿವೃತ್ತ ಶಿಕ್ಷಕ. ಓದೋ ಹುಚ್ಚು ಇದೆ, ಕಣ್ಣು ಸೋತಿದೆ. ಇಬ್ಬರು ಹಳೇ ಗೆಳೆಯರು ಮಧ್ಯಾಹ್ನ ಬರುತ್ತಾರೆ, ಅವರದ್ದೂ ಅದೇ ಸ್ಥಿತಿ. ಮೊದಲು ಪುಸ್ತಕ ಬದಲಾಯಿಸಿಕೊಳ್ಳುತ್ತಿದ್ದೆವು, ಈಗ ಗುಳಿಗೆ ಹೆಸರು ಬದಲಾಯಿಸಿಕೊಳ್ಳುತ್ತೇವೆ.
ಯಲ್ಲಾಪುರ

ಉತ್ತರ: ಮಾಸ್ತರ್ರೇ, ಕೊನೇ ಸಾಲು ಓದಿ ನಕ್ಕುಬಿಟ್ಟೆ, ಕ್ಷಮಿಸಿ. ಇಷ್ಟು ಚಂದ ಬರೆಯೋರು ಸುಮ್ನೆ ಕೂರ್ಬಾರ್ದು. ಮೊದ್ಲು ಕಣ್ಣಿನ ಡಾಕ್ಟರಿಗೆ ತೋರಿಸಿ, ಪೊರೆ ಬಂದಿದ್ರೆ ಅದಕ್ಕೆ ಆಪರೇಶನ್ ಇದೆ, ವಯಸ್ಸಾಯ್ತು ಅಂತ ಬಿಡೋ ವಿಷಯ ಅಲ್ಲ.

ಆಮೇಲೆ, ನಮ್ಮ ಸೀಮೇಲಿ ತಾಳಮದ್ದಳೆ ಕೇಳ್ತಾ ಬೆಳೆದವರು ನೀವು, ವೇಷ ಇಲ್ಲ, ಕುಣಿತ ಇಲ್ಲ, ಕೂತು ಬರೀ ಮಾತಲ್ಲೇ ರಾತ್ರಿ ಕಳೆದವರು. ಪುಸ್ತಕ ಕೇಳೋದು ನಿಮಗೇನು ಹೊಸದಾ? ರಜೆಗೆ ಬಂದ ಮೊಮ್ಮಕ್ಕಳಲ್ಲಿ ಒಬ್ಬರನ್ನ ಹಿಡೀರಿ, ದಿನಕ್ಕೆ ಅರ್ಧ ಗಂಟೆ, ಗಂಟೆಗೆ ಇಷ್ಟು ಅಂತ ಸಂಬಳ ಕೊಟ್ರೂ ತಪ್ಪಿಲ್ಲ. ಗೊರೂರರ 'ಹಳ್ಳಿಯ ಚಿತ್ರಗಳು' ಇಂಥ ಗಟ್ಟಿ ಓದಿಗೆ ಹೇಳಿ ಮಾಡಿಸಿದ್ದು. ಕಾರಂತರ 'ಮರಳಿ ಮಣ್ಣಿಗೆ' ನೀವು ಓದಿರ್ತೀರಿ, ಆದ್ರೆ ಹದಿನೈದರ ಹುಡುಗಿ ಬಾಯಲ್ಲಿ ಕೇಳಿರಲ್ಲ. ಅವಳು ತಪ್ಪಾಗಿ ಓದಿದ ಕಡೆ ಮೂರೂ ಜನ ಮಾಸ್ತರರಂತೆ ಒಟ್ಟಿಗೆ ತಿದ್ದಬೇಡಿ, ಮರುದಿನ ಬರಲ್ಲ.

ಪ್ರಶ್ನೆ: ಬೂಕರ್ ಬಂದ 'ಹಾರ್ಟ್ ಲ್ಯಾಂಪ್' ನನಗೆ ತುಂಬಾ ಹಿಡಿಸ್ತು, ಗೆಳತಿಗೆ ಪ್ರೆಸೆಂಟ್ ಕೊಟ್ಟೆ. ಅವಳು ನಾಲ್ಕು ಕತೆ ಓದಿ "ಸಾಕಾಯ್ತೇ, ಬರೀ ಸಂಕಟ" ಅಂದ್ಲು. ನನಗೇ ಬೈದ ಹಾಗಾಯ್ತು. ಒಂದು ವಾರ ಮಾತಾಡ್ಲಿಲ್ಲ.
ಭಟ್ಕಳ

ಉತ್ತರ: ನಾಲ್ಕು ಓದಿದ್ಲಲ್ಲ! ಪ್ರೆಸೆಂಟ್ ಬಂದ ಪುಸ್ತಕದ ಪ್ಲಾಸ್ಟಿಕ್ಕೂ ಹರಿಯದ ಜನ ಇದಾರೆ.

ಆ ಪುಸ್ತಕ ಬಾನು ಮುಷ್ತಾಕ್ ಅವರು 1990ರಿಂದ 2023ರವರೆಗೆ ಬರೆದ ಕತೆಗಳಲ್ಲಿ ಆರಿಸಿದ 12, ದೀಪಾ ಭಾಸ್ತಿಯವರ ಅನುವಾದ, 2025ರಲ್ಲಿ ಇಂಟರ್‌ನ್ಯಾಶನಲ್ ಬೂಕರ್ ಬಂತು. ಮೂವತ್ತು ಚಿಲ್ಲರೆ ವರ್ಷದಲ್ಲಿ ಬರೆದದ್ದನ್ನ ಅವಳು ಎರಡು ರಾತ್ರಿಯಲ್ಲಿ ನುಂಗೋಕೆ ಹೋದ್ರೆ ಸಂಕಟ ಆಗದೇ ಏನಾಗುತ್ತೆ? ಅಂಥ ಕತೆ ವಾರಕ್ಕೊಂದು. ಮತ್ತೆ ನೀವಿಬ್ರೂ ಕನ್ನಡದವರು, ಕನ್ನಡದಲ್ಲೇ ಹುಟ್ಟಿದ ಕತೇನ ಇಂಗ್ಲಿಷಲ್ಲಿ ಯಾಕೆ ಕೊಟ್ರಿ ಅಂತ ನನಗೊಂದು ಅನುಮಾನ, ಮೆಡಲ್ ಅದಕ್ಕೆ ಬಂತು ಅಂತಲಾ? ಕನ್ನಡದ ಸಂಕಲನ ಹುಡುಕಿ, ಒಂದೇ ಒಂದು ಕತೆ ಇಬ್ರೂ ಒಟ್ಟಿಗೆ ಓದಿ ನೋಡಿ.

ಆಗ್ಲೂ ಹಿಡಿಸ್ಲಿಲ್ಲ ಅಂದ್ರೆ ಬಿಟ್ಬಿಡಿ. ಬಂಗಡೆ ತಿನ್ನೋರು, ತೊಂಡೆಕಾಯಿ ತಿನ್ನೋರು ಒಂದೇ ಟೇಬಲ್ಲಲ್ಲಿ ಊಟ ಮಾಡೋ ಜಿಲ್ಲೆ ನಮ್ಮದು. ನೀವು ಅವಳಿಗೆ ಫೋನ್ ಮಾಡಿ, ಅವಳಿಗೆ ಹಿಡಿಸಿದ ಪುಸ್ತಕ ಒಂದು ಕೇಳಿ ಇಸ್ಕೊಳ್ಳಿ. ಇಷ್ಟು ದಿನ ಕೊಟ್ಟಿದ್ದು ಬರೀ ನೀವೇ ಅಂತ ಕಾಣುತ್ತೆ.

ಪ್ರಶ್ನೆ: ಬೇಸಿಗೇಲಿ ಕೊಂಡಿದ್ದು, ಗೆಳೆಯರು ಕೊಟ್ಟಿದ್ದು ಎಲ್ಲಾ ಸೇರಿ ಒಂದು ಕಪಾಟು ಪುಸ್ತಕ ಆಗಿದೆ. ಹೋದ ಮಳೆಗಾಲದಲ್ಲಿ ಅರ್ಧಕ್ಕೆ ಬೂಷ್ಟು ಹಿಡೀತು. ಈ ಸಲ ಏನು ಮಾಡ್ಲಿ?
ಗೋಕರ್ಣ

ಉತ್ತರ: ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಮಳೆ ಸುರಿಯೋ ಕರಾವಳೀಲಿ ಪುಸ್ತಕ ಇಟ್ಕೊಳ್ಳೋದು ಅಂದ್ರೆ ಹಪ್ಪಳ ಇಟ್ಕೊಂಡ ಹಾಗೇ. ಮೇ ಮುಗಿಯೋದ್ರೊಳಗೆ ಕೆಲಸ ಆಗ್ಬೇಕು. ಎಲ್ಲಾ ಹೊರಗೆ ತೆಗೀರಿ, ಆದ್ರೆ ನೇರ ಬಿಸಿಲಿಗೆ ಹಾಕ್ಬೇಡಿ, ಕಾಗದ ಹಳದಿ ಆಗುತ್ತೆ, ಬೈಂಡಿಂಗಿನ ಗೋಂದು ಬಿಡುತ್ತೆ. ಜಗಲೀಲಿ ಗಾಳಿ ಆಡೋ ಕಡೆ, ಪುಟ ಬೀಸಣಿಗೆ ಥರ ಬಿಚ್ಚಿ ನಿಲ್ಲಿಸಿ, ಎರಡು ದಿನ. ಹಳೇ ಬೂಷ್ಟಿದ್ರೆ ಹೊರಗಡೆ ನಿಂತು, ಮೂಗಿಗೆ ಬಟ್ಟೆ ಕಟ್ಕೊಂಡು ಒಣ ಬ್ರಶ್ಶಲ್ಲಿ ಒರೆಸಿ, ಒದ್ದೆ ಬಟ್ಟೆ ತಾಗಿಸ್ಬೇಡಿ. ಕಪಾಟು ಹೊರಗೋಡೆಗೆ ಅಂಟಿದ್ರೆ ಮೊದ್ಲು ಅದನ್ನ ನಾಲ್ಕು ಬೆರಳು ಮುಂದೆ ಎಳೀರಿ, ಮಳೇಲಿ ನೆಂದ ಗೋಡೆ ಒಳಗಿಂದ ಬೆವರುತ್ತೆ, ಬೂಷ್ಟು ಶುರುವಾಗೋದೇ ಅಲ್ಲಿಂದ. ಪುಸ್ತಕ ಬಿಗಿಯಾಗಿ ತುರುಕ್ಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡ್ಬೇಡಿ, ಒಳಗಿನ ತೇವ ಒಳಗೇ ಉಳಿಯುತ್ತೆ. ಒಣ ಬೇವಿನೆಲೆ ಇಡೋದು ನಮ್ಮ ಆಯಿ ಕಾಲದ ಪದ್ಧತಿ, ಹುಳಕ್ಕೆ ಸ್ವಲ್ಪ ತಡೆ, ಬೂಷ್ಟಿಗೆ ಅದು ಏನೂ ಮಾಡಲ್ಲ. ಜುಲೈ ಆಗಸ್ಟಲ್ಲಿ ಹದಿನೈದು ದಿನಕ್ಕೊಂದ್ಸಲ ಕಪಾಟಿನ ಬಾಗಿಲು ತೆಗೆದು ಫ್ಯಾನ್ ಹಾಕಿ.

ಇನ್ನೊಂದು ದಾರಿನೂ ಇದೆ. ಕಪಾಟಲ್ಲಿ ಕೂತ ಪುಸ್ತಕಕ್ಕೆ ಬೂಷ್ಟು ಬರುತ್ತೆ, ಓಡಾಡೋ ಪುಸ್ತಕಕ್ಕೆ ಅಷ್ಟು ಬರಲ್ಲ. ಜೂನ್ ಮೊದಲ ವಾರದೊಳಗೆ ಅರ್ಧ ಪುಸ್ತಕ ಘಟ್ಟದ ಮೇಲಿನ ಗೆಳೆಯರಿಗೆ ಓದೋಕೆ ಕೊಟ್ಬಿಡಿ, ದೀಪಾವಳಿಗೆ ವಾಪಸ್ ಇಸ್ಕೊಳ್ಳಿ. ಗುಟ್ಟಿನ ಪುಟದಲ್ಲಿ ಹೆಸರು ಬರೆದು.